ಹದಿನೇಳನೆಯ ಕೈ

ನಾನು ಓದಿದ್ದು ನಾಲ್ಕನೇ ತರಗತಿ. ಹೊಲಿದ ಪಿಎಚ್‌ಡಿ ಪುಸ್ತಕಗಳು ಎಷ್ಟೆಂದು ಕೇಳಿದರೆ ನನಗೇ ಗೊತ್ತಿಲ್ಲ. ನಲವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಮೇಜು. ವಿಶ್ವವಿದ್ಯಾಲಯದ ಹಿಂದಿನ ಬೀದಿ. ಬೀದಿಯ ತುಂಬ ಅಚ್ಚುಕೂಟ, ಬೈಂಡಿಂಗ್ ಅಂಗಡಿ, ಕಾಗದದ ಗೋದಾಮು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಟಿನ ವಾಸನೆ. ಆ ವಾಸನೆ ಮನೆಗೂ ಬರುತ್ತದೆ, ಅನ್ನದ ತಟ್ಟೆಗೂ ಬರುತ್ತದೆ.

ನನ್ನ ಬಲಗೈಯಲ್ಲಿ ಎರಡು ಬೆರಳು ಅರ್ಧವಿಲ್ಲ. ನಡುಬೆರಳು, ಉಂಗುರದ ಬೆರಳು. ಇಪ್ಪತ್ತಾರನೇ ವಯಸ್ಸಿನಲ್ಲಿ ಕಟಿಂಗ್ ಮಷೀನು ತಿಂದಿತು. ಯಾರದೋ ಪಿಎಚ್‌ಡಿ ಸಲ್ಲಿಸಲು ಅವತ್ತು ಕೊನೆಯ ದಿನ. ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತಾರೆ. ಆಗಿನ ಯಜಮಾನರು ಹಿಂದೆ ನಿಂತು ಬೇಗ ಬೇಗ ಎನ್ನುತ್ತಿದ್ದರು. ಕತ್ತರಿಸಿದ ಚೂರು ಎಳೆಯಲು ಕೈ ಹಾಕಿದೆ. ಬ್ಲೇಡು ಇಳಿಯಿತು. ಯಜಮಾನರು ಓಡಿ ಬಂದು ಮೊದಲು ನೋಡಿದ್ದು ಪುಸ್ತಕಕ್ಕೆ ರಕ್ತ ತಾಗಿದೆಯೇ ಎಂದು. ತಾಗಿರಲಿಲ್ಲ. ಐದು ಗಂಟೆಗೆ ಸರಿಯಾಗಿ ಸಲ್ಲಿಸಿದರಂತೆ. ಆ ಪುಸ್ತಕ ಈಗಲೂ ಒಳಗಿನ ಗ್ರಂಥಾಲಯದಲ್ಲಿ ಇರಬೇಕು. ಯಾರು ತೆಗೆದು ನೋಡುತ್ತಾರೆ.

ನನ್ನ ತಮ್ಮನಿಗೆ ಒಬ್ಬಳೇ ಮಗಳು. ತಮ್ಮ ಅದೇ ಬೀದಿಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಶ್ವಾಸಕೋಶ ಕೆಟ್ಟು ತೀರಿಹೋದ. ಮಗು ಕಾಗದದ ಚೂರಿನ ರಾಶಿಯಲ್ಲಿ ಮಲಗಿ ಬೆಳೆಯಿತು, ಅದಕ್ಕೆ ಬೀದಿಯವರೆಲ್ಲ ಅವಳನ್ನು ಗುಬ್ಬಿ ಎನ್ನುತ್ತಾರೆ. ನಾವು ಕತ್ತರಿಸಿ ಎಸೆದ ಚೂರಿನ ಮೇಲಿನ ಅರ್ಧ ಸಾಲು, ಕಾಲು ಸಾಲು ಓದಿ ಓದಿಯೇ ಅವಳಿಗೆ ಓದು ಹತ್ತಿತು. ಕೊನೆಗೆ ಆ ಬೀದಿಯಿಂದ ವಿಶ್ವವಿದ್ಯಾಲಯದೊಳಕ್ಕೆ ಪುಸ್ತಕ ತಲುಪಿಸಲಿಕ್ಕಲ್ಲದೆ ಓದಲಿಕ್ಕೆ ಹೋದ ಮೊದಲನೆಯವಳಾದಳು.

ಪಿಎಚ್‌ಡಿಗೆ ಸೇರಿದ ದಿನ ಅವಳು ಒಂದು ದೊಡ್ಡ ಹಾಳೆ ತಂದು ನನ್ನ ಮೇಜಿನ ಮೇಲೆ ಹಾಸಿದಳು. ಅದರಲ್ಲಿ ಗೆರೆ ಎಳೆದು ಮನೆ ಮನೆ ಮಾಡಿತ್ತು.

"ಇದೇನಮ್ಮ, ಚೌಕಾಬಾರ ಆಡೋಕಾ?" ಎಂದೆ.

"ಯೋಜನೆ ದೊಡ್ಡಪ್ಪ. ಮೊದಲ ಆರು ತಿಂಗಳು ಏನು ಮಾಡ್ತೀನಿ, ಆಮೇಲಿನ ಆರು ತಿಂಗಳು ಏನು ಮಾಡ್ತೀನಿ, ಎಲ್ಲಾ ಬರೀಬೇಕು. ಆರಾರು ತಿಂಗಳಿಗೆ ಒಂದು ಸಮಿತಿ ಕೂತು ನೋಡುತ್ತೆ, ಪ್ರಗತಿ ಪರಿಶೀಲನೆ ಅಂತ. ಹೇಳಿದ ಹಾಗೆ ಮಾಡಿದ್ರೆ ತೃಪ್ತಿಕರ ಅಂತ ಬರೀತಾರೆ."

"ಮಾಡದಿದ್ರೆ?"

"ತೃಪ್ತಿಕರವಲ್ಲ ಅಂತ ಬರೀತಾರೆ. ಮೂರು ಸಲ ಹಾಗೆ ಬರೆದ್ರೆ ಮನೆಗೆ ಕಳಿಸ್ತಾರೆ."

ಅವಳು ಆರಿಸಿಕೊಂಡ ವಿಷಯ ನಮ್ಮ ಕೈಗಳು. ಅಚ್ಚುಕೂಟ, ಬೈಂಡಿಂಗ್ ಅಂಗಡಿಯವರ ಕೈಗೆ ಆಗುವ ಗಾಯ. ಯೋಜನೆಯ ಮೊದಲ ಮನೆಯಲ್ಲಿ ಬರೀ ಓದು ಎಂದಿತ್ತು. ಕೈ ನೋಡುವುದು ಎರಡನೇ ವರ್ಷಕ್ಕೆ. ಆದರೆ ಅವಳು ಸೇರಿದ ಎರಡು ತಿಂಗಳಿಗೆ ಬೀದಿಯ ದೊಡ್ಡ ಅಚ್ಚುಕೂಟ ಮುಚ್ಚುತ್ತದೆ ಎಂದು ಗೊತ್ತಾಯಿತು. ಹತ್ತೊಂಬತ್ತು ಜನ ದಿಕ್ಕಿಗೊಬ್ಬರು ಚದುರುವವರು. ಎರಡನೇ ವರ್ಷದ ತನಕ ಆ ಕೈಗಳು ಎಲ್ಲಿ ಸಿಗುತ್ತವೆ? ಅವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಿಳಿ ಹಾಳೆ, ಪೆನ್ಸಿಲ್ ಹಿಡಿದು ಬಂದಳು. ಹಾಳೆಯ ಮೇಲೆ ಕೈ ಕವುಚಿ ಇಡಬೇಕು. ಅವಳು ಸುತ್ತಲೂ ಗೆರೆ ಎಳೆಯುತ್ತಾಳೆ. ಮುಂದೆ ಬರೀ ನಂಬರು. ಹಿಂದೆ ಹೆಸರು, ವಯಸ್ಸು, ಯಾವ ಮಷೀನು, ಯಾವ ವರ್ಷ, ಯಾವ ತಿಂಗಳು, ಎಷ್ಟು ಗಂಟೆ.

ನಲವತ್ತೆರಡು ಕೈಗಳಾದವು. ನನ್ನದು ಹದಿನೇಳನೆಯದು. ಪೆನ್ಸಿಲ್ ಮೊಂಡು ಬೆರಳಿನ ಸುತ್ತ ಬಂದಾಗ ಕಚಗುಳಿಯಾಯಿತು. "ಅಲ್ಲಾಡಬೇಡ ದೊಡ್ಡಪ್ಪ, ಇಲ್ಲದ ಬೆರಳು ಬಂದುಬಿಡುತ್ತೆ," ಎಂದು ನಕ್ಕಳು.

ಮೊದಲ ಸಮಿತಿಯಲ್ಲಿ ನಾಲ್ಕು ಜನ. ಅವಳ ಗೈಡೂ ಒಬ್ಬರು. ಅವಳಿಗೆ ಕುರ್ಚಿ ಇರಲಿಲ್ಲ. ನಿಂತೇ ಹೇಳಿದಳಂತೆ. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: ಮೊದಲ ಆರು ತಿಂಗಳು ಓದಬೇಕಿತ್ತು, ನೀನು ಬೀದಿ ಸುತ್ತಿದ್ದೀಯ, ಇದು ಯೋಜನೆಯ ಪ್ರಕಾರ ಇಲ್ಲ. ತೃಪ್ತಿಕರವಲ್ಲ.

"ಅಚ್ಚುಕೂಟ ಮುಚ್ಚಿಹೋಗ್ತಿತ್ತು ಅಂತ ಹೇಳಲಿಲ್ವಾ?" ಎಂದು ಕೇಳಿದೆ.

"ಹೇಳಿದೆ. ಅಚ್ಚುಕೂಟ ಯೋಜನೇಲಿ ಇಲ್ಲ ಅಂದ್ರು."

ಆಮೇಲೆ ಗೈಡು ಆ ನಲವತ್ತೆರಡು ಹಾಳೆಗಳನ್ನೂ ಕೇಳಿ ಇಸಿದುಕೊಂಡರು. ವಿಭಾಗದ ಆಸ್ತಿ, ವಿಭಾಗದ ಬೀರುವಿನಲ್ಲೇ ಇರಬೇಕು ಎಂದರು. ಮುಂದಿನ ಆರು ತಿಂಗಳು ಅವಳು ಮಾಡಿದ್ದು ಓದು ಒಂದೇ ಅಲ್ಲ. ಗೈಡಿನ ಪಾಲಿಗೆ ಬಂದ ಉತ್ತರಪತ್ರಿಕೆಗಳನ್ನು ತಿದ್ದಿದಳು. ಕಟ್ಟು ಹೊತ್ತು ಮೂರು ಮಹಡಿ ಹತ್ತಿದಳು. ಬೇರೆಯವರ ಸಮಿತಿ ಇದ್ದ ದಿನ ಕುರ್ಚಿ ಒರೆಸಿ ಚಹಾ ಕೊಟ್ಟಳು. ಗೈಡಿನ ಅಕ್ಕನ ಮಗ ಒಬ್ಬ ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದ. ಮೂವತ್ತೈದರ ಮೇಲಿನವನು, ಯಾವುದೋ ಕಾಲೇಜಿನಲ್ಲಿ ಪಾಠ ಹೇಳುವವನು, ಬಡ್ತಿಗೆ ಆ ಪದವಿ ಬೇಕಿತ್ತು. ಬೀದಿಯವರು ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು. ಅಳಿಯನ ಸಮಿತಿಗೂ ಇವಳದೇ ಚಹಾ. ಒಬ್ಬರು ಲೋಟ ತೆಗೆದುಕೊಳ್ಳುತ್ತ, "ಕೈ ತೊಳ್ಕೊಂಡಿದೀಯೇನಮ್ಮ, ಅಂಟಿನ ವಾಸನೆ," ಎಂದರಂತೆ. ಇದನ್ನು ಅವಳು ನನಗೆ ಹೇಳಿದ್ದು ಬಹಳ ದಿನದ ಮೇಲೆ, ಬೇರೇನೋ ಮಾತಿನ ನಡುವೆ.

ಎರಡನೇ ವರದಿಯಲ್ಲಿ ಅವಳು ಒಂದು ಮಾತು ಬರೆದಳು. ನಲವತ್ತೆರಡು ಕೈಗಳಲ್ಲಿ ಇಪ್ಪತ್ತೊಂಬತ್ತು ಹೋದದ್ದು ವರ್ಷದ ಎರಡೇ ತಿಂಗಳಲ್ಲಿ. ಆ ಎರಡು ತಿಂಗಳು ವಿಶ್ವವಿದ್ಯಾಲಯ ಪುಸ್ತಕ ಸಲ್ಲಿಸಲು ಕೊಟ್ಟ ಕೊನೆಯ ತಿಂಗಳುಗಳು. ನನಗೆ ಓದಿ ಹೇಳಿದಳು. ನನಗೆ ಅದು ಹೊಸ ವಿಷಯವಲ್ಲ. ಬೀದಿಗೆಲ್ಲ ಗೊತ್ತಿತ್ತು. ಆದರೆ ಯಾರೂ ಬರೆದಿರಲಿಲ್ಲ. ಸಮಿತಿಯವರು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಆಧಾರ ಎಲ್ಲಿ ಎಂದರು. ಹಾಳೆಗಳು ಗೈಡಿನ ಬೀರುವಿನಲ್ಲಿವೆ ಎಂದಳು. ಗೈಡು ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ತೃಪ್ತಿಕರವಲ್ಲ.

ಎರಡಾಯಿತು. ಮೂರನೆಯದಕ್ಕೆ ಗುರುವಾರ ಎಂದು ಗೊತ್ತಾಯಿತು.

ಅದರ ಹಿಂದಿನ ದಿನ, ಬುಧವಾರ ಬೆಳಿಗ್ಗೆ, ನನ್ನ ಮೇಜಿಗೆ ಅಳಿಯನ ಪುಸ್ತಕ ಬಂತು. ಐದು ಪ್ರತಿ. ಶನಿವಾರ ಸಂಜೆ ಐದಕ್ಕೆ ಸಲ್ಲಿಕೆ. ನಮ್ಮ ಕೆಲಸದಲ್ಲಿ ಹೊಲಿಯುವ ಮೊದಲು ಪುಟ ಕೂಡಿಸುವುದು ಎಂದಿದೆ. ಒಂದೊಂದೇ ಹಾಳೆ ಮಗುಚಿ, ನಂಬರು ಸಾಲಾಗಿದೆಯೇ, ತಲೆಕೆಳಗಾಗಿದೆಯೇ ನೋಡಬೇಕು. ನೂರಾ ಹತ್ತರ ತನಕ ಬರೀ ಅಕ್ಷರ. ನೂರಾ ಹನ್ನೊಂದನೇ ಪುಟದಲ್ಲಿ ಒಂದು ಕೈ.

ನಾನು ಮಗುಚುತ್ತ ಹೋದೆ. ಕೈ, ಕೈ, ಕೈ. ನೂರಾ ಇಪ್ಪತ್ತೇಳರಲ್ಲಿ ಎರಡು ಮೊಂಡು ಬೆರಳು.

ನನ್ನ ಕೈ ಅದರ ಮೇಲೆ ಕವುಚಿ ಇಟ್ಟೆ. ಹೊಂದಲಿಲ್ಲ. ಹೆಬ್ಬೆರಳು ಆ ಕಡೆ ಬರಬೇಕಾದದ್ದು ಈ ಕಡೆ. ಬೇರೆ ಯಾರದೋ ಇರಬೇಕು ಎಂದುಕೊಂಡು ಹಾಳೆ ಮಗುಚಿದೆ. ಮತ್ತೆ ಹಿಂದಕ್ಕೆ ಬಂದೆ. ಕೈಯನ್ನು ಅಂಗಾತ ಇಟ್ಟೆ. ಮೊಂಡಿಗೆ ಮೊಂಡು ಸೇರಿತು. ಕಿರುಬೆರಳು ಒಳಕ್ಕೆ ಬಾಗಿದ್ದೂ ಸೇರಿತು.

ಚಿತ್ರವನ್ನು ಯಂತ್ರದಲ್ಲಿ ಎಡಬಲ ಮಾಡಿದ್ದರು. ಗುರುತು ಸಿಗಬಾರದು ಎಂದು. ನಲವತ್ತೆರಡು ಕೈಗಳನ್ನೂ ಮಗುಚಿದ್ದರು. ನಮ್ಮ ಬೀದಿಯಲ್ಲಿ ಕಟಿಂಗ್ ಮಷೀನಿನ ಮುಂದೆ ಒಂದು ದಿನ ನಿಂತವನಿಗೂ ಗೊತ್ತು, ಚೂರು ಎಳೆಯುವುದು ಬಲಗೈ, ಹೋಗುವುದೂ ಬಲಗೈ. ಈ ಪುಸ್ತಕದಲ್ಲಿ ಎಲ್ಲರ ಎಡಗೈ ಹೋಗಿತ್ತು. ಬರೆದವನು ಮಷೀನು ನೋಡಿರಲಿಲ್ಲ.

ಕೆಳಗೆ ಅಕ್ಷರ ಇತ್ತು. ನಾನು ಕೂಡಿಸಿ ಕೂಡಿಸಿ ಓದಿದೆ. ವಯಸ್ಸು ಮೂವತ್ನಾಲ್ಕು ಎಂದಿತ್ತು, ಅದೂ ಸುಳ್ಳು. ಗಾಯಕ್ಕೆ ಕಾರಣ ಎಂದಿತ್ತು. ಅದರ ಮುಂದಿನ ಪದ ಉದ್ದವಾಗಿತ್ತು, ಎರಡು ಸಲ ಓದಬೇಕಾಯಿತು. ಅಜಾಗರೂಕತೆ.

ಹದಿನೆಂಟನೇ ಕೈಗೂ ಅದೇ ಪದ. ಹತ್ತೊಂಬತ್ತಕ್ಕೂ ಅದೇ.

ನಾನು ಕೋಪಿಷ್ಠನಲ್ಲ. ನನ್ನ ಹೆಂಡತಿ ಬದುಕಿದ್ದಾಗ, ನಿಮಗೆ ಸಿಟ್ಟು ಬರಿಸೋದಕ್ಕಿಂತ ಗೋಡೆಗೆ ಬರಿಸೋದು ಸುಲಭ ಎನ್ನುತ್ತಿದ್ದಳು. ಅವತ್ತೂ ಸಿಟ್ಟು ಬಂದಂತೆ ಆಗಲಿಲ್ಲ. ದಣಿವು ಬಂತು. ಬೆರಳು ತೆಗೆದುಕೊಂಡರು, ಸರಿ. ಮಗು ಅದರ ಚಿತ್ರ ಬರೆಯಿತು, ಚಿತ್ರ ತೆಗೆದುಕೊಂಡರು. ಈಗ ತಪ್ಪೂ ನನ್ನದೇ ಎಂದು ಬರೆದು, ಹೊಲಿ ಎಂದು ನನಗೇ ಕೊಟ್ಟಿದ್ದಾರೆ. ಎಷ್ಟು ಅಂತ ಎತ್ತಿಕೊಡುವುದು. ದಬ್ಬಳವನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

ಈಗಿನ ಯಜಮಾನ ಹಳೆಯ ಯಜಮಾನರ ಮಗ. ನಾನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅವನು ನನಗೆ ನೀನು ಎನ್ನುತ್ತಾನೆ, ನಾನು ಅವನಿಗೆ ನೀವು ಎನ್ನುತ್ತೇನೆ.

"ಯಾಕೆ ಸುಮ್ನೆ ಕೂತಿದೀಯ? ಶನಿವಾರ ಕೊಡ್ಬೇಕು ಅದು," ಎಂದ.

"ಪುಟ ತಪ್ಪಿದೆ."

"ಎಷ್ಟನೇ ಪುಟ?"

"ನೂರಾ ಹನ್ನೊಂದರಿಂದ ನೂರಾ ಐವತ್ತೆರಡು."

ಅವನು ಬಂದು ಮಗುಚಿ ನೋಡಿದ. "ನಂಬರ್ ಸರಿಯಾಗೇ ಇದೆಯಲ್ಲ."

"ನಂಬರ್ ಸರಿ ಇದೆ. ಕೈ ತಪ್ಪಿವೆ. ಇದು ನನ್ನ ಕೈ. ಇದು ಗುಬ್ಬಿ ಬರೆದದ್ದು."

ಅವನಿಗೆ ಅರ್ಥವಾಯಿತು. ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಹೇಳಿದ, "ನೋಡು, ನೀನು ಓದೋನಲ್ಲ, ಹೊಲಿಯೋನು. ಒಳಗಿನವರ ಜಗಳ ನಮಗ್ಯಾಕೆ?"

"ಅದಕ್ಕೇ ಹೊಲಿಯಲ್ಲ ಅಂತಿದೀನಿ. ಓದೋನಾಗಿದ್ರೆ ಓದಲ್ಲ ಅಂತಿದ್ದೆ."

"ಅವರು ಕೆಲಸ ಕೊಡೋದು ನಿಲ್ಲಿಸಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ, ಗೊತ್ತಾ?"

"ಪುಟ ತಪ್ಪಿದ್ರೆ ಹೊಲೀಬಾರದು, ಒಂದು ಪ್ರತಿ ಒಯ್ದು ಬರೆದವರಿಗೆ ತೋರಿಸ್ಬೇಕು ಅನ್ನೋದು ನಿಮ್ಮ ಅಪ್ಪ ಮಾಡಿದ ಕಟ್ಟಳೆ. ಹೊಲಿದ ಮೇಲೆ ಯಾರೂ ಬಿಚ್ಚಲ್ಲ ಅಂತಿದ್ರು. ನಾಳೆ ಒಯ್ದು ತೋರಿಸಿ ಬರ್ತೀನಿ."

"ಹೋಗು. ವಾಪಸ್ ಬರೋ ಹೊತ್ತಿಗೆ ನಿನ್ನ ಮೇಜಲ್ಲಿ ಬೇರೆಯವರು ಕೂತಿರ್ತಾರೆ."

"ಕೂತ್ಕೊಳ್ಳಲಿ. ಎಡಗಡೆ ಕಾಲು ಅಲ್ಲಾಡುತ್ತೆ, ಕೆಳಗೆ ರಟ್ಟು ಇಡೋಕೆ ಹೇಳಿ."

ಗುರುವಾರ ಹನ್ನೊಂದಕ್ಕೆ ನಾನು ಹಾಕಿಕೊಂಡ ಏಪ್ರನ್ನಿನಲ್ಲೇ ಹೋದೆ. ಹೊಲಿಯದ ಒಂದು ಪ್ರತಿಯನ್ನು ಎರಡು ರಟ್ಟಿನ ನಡುವೆ ಕಟ್ಟಿಕೊಂಡಿದ್ದೆ. ಬಾಗಿಲಲ್ಲಿ ಜವಾನ ಕೂತಿದ್ದ. ಪರಿಚಯದವನೇ.

"ತಾತ, ಸಮಿತಿ ನಡೀತಿದೆ. ಬಿಡೋ ಹಾಗಿಲ್ಲ."

"ಬೈಂಡಿಂಗ್ ತಪ್ಪು ತೋರಿಸ್ಬೇಕಪ್ಪ. ಶನಿವಾರ ಕೊನೆ ದಿನ."

ಕೊನೆ ದಿನ ಎಂದರೆ ಆ ಕಟ್ಟಡದಲ್ಲಿ ಎಲ್ಲ ಬಾಗಿಲೂ ತೆಗೆಯುತ್ತದೆ.

ಒಳಗೆ ಉದ್ದನೆ ಮೇಜು, ನಾಲ್ಕು ಜನ. ನಡುವೆ ಅಧ್ಯಕ್ಷೆ, ಕನ್ನಡಕ ತಲೆಯ ಮೇಲೇರಿಸಿ ಹಣೆ ಉಜ್ಜಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಗೈಡು. ಗುಬ್ಬಿ ಈಚೆ ನಿಂತಿದ್ದಳು. ಗೋಡೆ ಬದಿಗೆ ಆರು ಕುರ್ಚಿ ಖಾಲಿ ಇದ್ದವು. ನನ್ನನ್ನು ನೋಡಿ ಅವಳಿಗೆ ಗಾಬರಿಯಾಯಿತು. ನಾನು ಹಿಂದಿನ ರಾತ್ರಿ ಅವಳಿಗೆ ಏನೂ ಹೇಳಿರಲಿಲ್ಲ. ನಿದ್ದೆ ಮಾಡಲಿ ಎಂದು.

"ಏನಪ್ಪ?" ಎಂದರು ಅಧ್ಯಕ್ಷೆ.

"ಈ ಪುಸ್ತಕದಲ್ಲಿ ಕೈ ತಲೆಕೆಳಗಾಗಿದೆ ಅಮ್ಮ," ಎಂದು ಮೇಜಿನ ಮೇಲಿಟ್ಟು ಬಿಚ್ಚಿದೆ. ನೂರಾ ಇಪ್ಪತ್ತೇಳು ತೆಗೆದೆ. ಕೈ ಕವುಚಿ ಇಟ್ಟೆ.

ಗೈಡು ನಕ್ಕರು. "ಹೊಂದೋದಿಲ್ಲವಲ್ಲ ಯಜಮಾನರೇ."

"ಇಲ್ಲ," ಎಂದು ಕೈ ತಿರುಗಿಸಿ ಅಂಗಾತ ಇಟ್ಟೆ.

ಆಮೇಲೆ ಯಾರೂ ನಗಲಿಲ್ಲ. ಗುಬ್ಬಿ ಹತ್ತಿರ ಬಂದು ನೋಡಿದಳು. ಅವಳ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು. ಒಂದೊಂದೇ ಪುಟ ಮಗುಚಿದಳು. "ಇದು ಹೊಲಿಗೆ ಅಕ್ಕಂದು. ಇದು ಕಿವುಡಪ್ಪಂದು. ಇದು ಮುಚ್ಚಿದ ಅಚ್ಚುಕೂಟದವರದು, ಇವರು ತೀರಿಕೊಂಡ್ರು," ಎಂದಳು. ಜೋರಾಗಿ ಹೇಳಲಿಲ್ಲ.

"ನಿನ್ನ ಹತ್ತಿರ ಪ್ರತಿ ಇಲ್ಲವಾ?" ಅಧ್ಯಕ್ಷೆ ಕೇಳಿದರು.

"ಫೋನಲ್ಲಿ ಫೋಟೊ ಇದೆ ಮೇಡಂ."

"ಫೋಟೊ ಯಾರ ಪುಸ್ತಕದಿಂದ ಬೇಕಾದ್ರೂ ತೆಗೀಬಹುದು," ಎಂದರು ಗೈಡು.

"ಮೂಲ ಹಾಳೆಗಳ ಹಿಂದೆ ಹೆಸರು, ವರ್ಷ ಎಲ್ಲಾ ಇದೆ. ನಿಮ್ಮ ಬೀರುವಿನಲ್ಲಿದೆ ಸರ್. ತೆಗೆದು ತೋರಿಸಿ."

"ಕೀಲಿ ಮನೆಯಲ್ಲಿದೆ. ಮತ್ತೆ ಇವತ್ತಿನ ವಿಷಯ ಅದಲ್ಲ. ಇವತ್ತಿನ ವಿಷಯ ನಿನ್ನ ಪ್ರಗತಿ."

ಅಧ್ಯಕ್ಷೆ ಗಡಿಯಾರ ನೋಡಿದರು. ಕೆಟ್ಟ ಹೆಂಗಸಲ್ಲ. ನನ್ನಷ್ಟೇ ದಣಿದವರು. ಹೀಗೆ ಹೇಳಿದರು: "ನೋಡಮ್ಮ, ಆ ಪುಸ್ತಕ ಇನ್ನೂ ಸಲ್ಲಿಕೆಯಾಗಿಲ್ಲ. ಶನಿವಾರ ಸಲ್ಲಿಕೆಯಾದ್ರೆ ಇದು ಅವರ ಕೆಲಸ ಅಂತ ದಾಖಲಾಗುತ್ತೆ. ಆಮೇಲೆ ನೀನು ಇದೇ ಕೈಗಳನ್ನ ತೋರಿಸಿದ್ರೆ ನೀನು ಕದ್ದ ಹಾಗೆ. ನಿಯಮ ಹಾಗಿದೆ."

"ಸಲ್ಲಿಕೆ ಆಗದಿದ್ರೆ?" ಎಂದು ನಾನು ಕೇಳಿದೆ.

"ಆಗದಿದ್ರೆ ಸೋಮವಾರ ಬೀರು ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕಾಗುತ್ತೆ."

ಗೈಡು ಒಂದು ಫಾರಂ ಮುಂದೆ ತಳ್ಳಿದರು. ಮೂರನೆಯದು. ತೃಪ್ತಿಕರವಲ್ಲ ಎಂದು ಆಗಲೇ ಬರೆದಾಗಿತ್ತು. ಕೆಳಗೆ ವಿದ್ಯಾರ್ಥಿ ಸಹಿ ಹಾಕಬೇಕಾದ ಗೆರೆ.

ಗುಬ್ಬಿ ಪೆನ್ನು ತೆಗೆದುಕೊಳ್ಳಲಿಲ್ಲ. "ನಾನು ಸಹಿ ಹಾಕಲ್ಲ."

"ಹಾಕದಿದ್ರೆ ಫಾರಂ ಮುಂದೆ ಹೋಗೋದಿಲ್ಲ."

"ಹೋಗೋದು ಬೇಡ ಸರ್. ಒಂದೂವರೆ ವರ್ಷದಿಂದ ನಾನೂ ಎಲ್ಲೂ ಹೋಗಿಲ್ಲ. ನಿಂತೇ ಇದೀನಿ."

ಅಷ್ಟು ಹೇಳಿ ಗೋಡೆ ಬದಿಯ ಕುರ್ಚಿ ಎಳೆದು ಕೂತಳು. ನನಗೂ ಒಂದು ಎಳೆದಳು. ನಾನೂ ಕೂತೆ. ಕಾಲು ನೋಯುತ್ತಿತ್ತು.

ಶುಕ್ರವಾರ ನನ್ನ ಮೇಜಿನಲ್ಲಿ ಯಾರೂ ಕೂತಿರಲಿಲ್ಲ. ಯಜಮಾನ ಕೇಳಿದ ಇಬ್ಬರೂ ಬರಲಿಲ್ಲವಂತೆ. ನಾನು ವಾಪಸ್ ತಂದದ್ದೂ ಸೇರಿ ಐದು ಪ್ರತಿ ಎರಡನೇ ಅಂಗಡಿಗೆ ಹೋದವು. ವಿಶ್ವವಿದ್ಯಾಲಯದ ಮುದ್ರೆಯ ಹಿತ್ತಾಳೆ ಅಚ್ಚು ಇರುವುದು ನಮ್ಮ ಬೀದಿಯ ಮೂರೇ ಅಂಗಡಿಯಲ್ಲಿ, ರಟ್ಟಿನ ಮೇಲೆ ಆ ಮುದ್ರೆ ಇಲ್ಲದಿದ್ದರೆ ಕಿಟಕಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಎರಡನೇ ಅಂಗಡಿಯಲ್ಲಿ ಹೊಲಿಯುವವಳು ಹೊಲಿಗೆ ಅಕ್ಕ. ಐವತ್ತು ದಾಟಿದವಳು, ಬಾಯಿ ಕತ್ತರಿಗಿಂತ ಚುರುಕು. ನಾನು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ. "ಪುಟ ಕೂಡಿಸುವಾಗ ನೂರಾ ಹನ್ನೊಂದರಿಂದ ನಿಧಾನವಾಗಿ ನೋಡು ತಾಯಿ. ಕೈ ಅಂಗಾತ ಇಟ್ಟು ನೋಡು."

ಅವಳದು ಒಂಬತ್ತನೆಯದು. ಹೆಬ್ಬೆರಳು ತುದಿಯಿಲ್ಲ. ಇಟ್ಟು ನೋಡಿದಳು. ಕೆಳಗಿನ ಪದ ಏನೆಂದು ಕೇಳಿದಳು. ಹೇಳಿದೆ.

"ನಾನಾ?" ಎಂದಳು. "ಎಂಟು ತಿಂಗಳ ಬಸುರಿ ಆವತ್ತು. ಹದಿನಾರು ಗಂಟೆ ಕಟಿಂಗ್ ಮಷೀನಿನ ಮುಂದೆ ನಿಲ್ಲಿಸಿದ್ದು ಯಾರ ಅಜಾಗರೂಕತೆನೋ." ಕಟ್ಟನ್ನು ತಳ್ಳಿ ಕೈ ತೊಳೆಯಲು ಎದ್ದಳು.

ಮೂರನೇ ಅಂಗಡಿಯಲ್ಲಿ ಕಿವುಡಪ್ಪ. ಅವನಿಗೆ ಹೇಳುವುದೇನೂ ಇರಲಿಲ್ಲ, ಹೇಳಿದರೆ ಕೇಳಿಸುವುದೂ ಇಲ್ಲ. ಪುಟ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದ. ಮಷೀನಿನ ಸ್ವಿಚ್ಚು ಆರಿಸಿ ಅಂಗಡಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ.

ಶನಿವಾರ ಮಧ್ಯಾಹ್ನ ಪ್ರತಿಗಳು ಮತ್ತೆ ನಮ್ಮ ಅಂಗಡಿಗೇ ಬಂದವು. ಯಜಮಾನನೇ ಹೊಲಿಯಲು ಕೂತ. ಹುಟ್ಟಿದಾಗಿನಿಂದ ಅಂಗಡಿಯಲ್ಲಿದ್ದಾನೆ, ಒಂದು ದಿನ ದಾರ ಹಿಡಿದವನಲ್ಲ. ದಾರಕ್ಕೆ ಮೇಣ ಹಚ್ಚಬೇಕೆಂದು ಗೊತ್ತಿಲ್ಲ. ಎರಡು ಸಲ ಹರಿಯಿತು. ಮೂರನೇ ಸಲ ದಬ್ಬಳ ಅಂಗೈಗೆ ಹೋಯಿತು. ನಾನು ಎದುರಿನ ಕಟ್ಟೆಯಿಂದ ಎದ್ದು ಹೋಗಿ ಅರಿಸಿನ ಹಾಕಿ ಬಟ್ಟೆ ಕಟ್ಟಿದೆ. ಪುಸ್ತಕಕ್ಕೆ ರಕ್ತ ತಾಗಿತ್ತು. ಅವನು ಮುಖ ಎತ್ತದೆ, "ನೋವಾಗುತ್ತೆ ಕಣೋ," ಎಂದ. ಆಗುತ್ತದೆ ಎಂದೆ.

ಅಳಿಯ ಬಾಗಿಲಲ್ಲಿ ಬೆವರುತ್ತ ನಿಂತಿದ್ದ. ಐದಕ್ಕೆ ಹತ್ತು ನಿಮಿಷವಿತ್ತು.

"ಅಜ್ಜ, ನೀವು ಕೇಳಿದ್ದು ಕೊಡ್ತೀನಿ. ಒಂದು ಪ್ರತಿ ಹೊಲಿದುಕೊಡಿ. ನನಗೂ ಮಕ್ಕಳಿದ್ದಾರೆ," ಎಂದ.

"ಆ ಕೈ ಯಾರದು ಅಂತ ನಿಮಗೆ ಗೊತ್ತಿತ್ತಾ?"

"ಮಾವ ಕೊಟ್ರು. ನಾನು ಕೇಳಲಿಲ್ಲ."

"ಯಾವಾಗಲಾದ್ರೂ ಒಂದು ಸಲ ಕೇಳಬೇಕಪ್ಪ," ಎಂದೆ. ಬೈಯಬೇಕು ಎನಿಸಲಿಲ್ಲ. ಅವನು ಹೊಲಿಯದ ಹಾಳೆಗಳನ್ನು ಎದೆಗೆ ಅವಚಿಕೊಂಡು ಕಿಟಕಿಯ ಕಡೆ ಓಡಿದ. ಹಾಗೇ ವಾಪಸ್ ಬಂದ.

ಸೋಮವಾರ ಬೀದಿಯಲ್ಲಿ ಯಾವ ಮಷೀನೂ ಓಡಲಿಲ್ಲ. ಯಾರೂ ಕರೆ ಕೊಟ್ಟದ್ದಲ್ಲ. ಹೊಲಿಗೆ ಅಕ್ಕ, ನಾನೂ ಬರ್ತೀನಿ ಎಂದಳು, ಕಿವುಡಪ್ಪ ಚಪ್ಪಲಿ ಮೆಟ್ಟಿಕೊಂಡ, ಹಾಗೆ ಹಾಗೆ ಆಯಿತು. ನಲವತ್ತೆರಡರಲ್ಲಿ ಮೂವರು ತೀರಿಕೊಂಡಿದ್ದರು. ಎಂಟು ಜನ ಎಲ್ಲಿದ್ದಾರೋ ಗೊತ್ತಿಲ್ಲ. ಮೂವತ್ತೊಂದು ಜನ ಹೋದೆವು. ನನ್ನ ಯಜಮಾನನೂ ಅಂಗೈಗೆ ಬಟ್ಟೆ ಕಟ್ಟಿಕೊಂಡು ಅಂಗಡಿಯ ಬಾಗಿಲ ತನಕ ಬಂದ. ಅಲ್ಲಿಂದ ಮುಂದೆ ಬರಲಿಲ್ಲ.

ಗುಬ್ಬಿ ಮುಂದೆ ಇದ್ದಳು. ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲಿನವನು ನಮ್ಮನ್ನು ತಡೆದು ದಪ್ಪನೆ ಪುಸ್ತಕ ಮುಂದಿಟ್ಟ. ಒಬ್ಬೊಬ್ಬರೂ ಹೆಸರು ಬರೆಯಬೇಕು, ಯಾಕೆ ಬಂದಿರಿ ಎಂದು ಬರೆಯಬೇಕು ಎಂದ. ಅಷ್ಟು ಜನರನ್ನು ಬರೆಸಿ ಬರೆಸಿ ಬೇಸತ್ತು ಹಿಂದಕ್ಕೆ ಹೋಗುತ್ತಾರೆ ಎಂದುಕೊಂಡಿರಬೇಕು.

ಮೂವತ್ತೊಂದು ಜನರೂ ಬರೆದರು. ಬರೆಯಲು ಬಾರದವರಿಗೆ ಗುಬ್ಬಿ ಬರೆದುಕೊಟ್ಟಳು. ನನ್ನ ಸರದಿ ಬಂದಾಗ ಬೇಡಮ್ಮ ಎಂದು ಪೆನ್ನು ನಾನೇ ಇಸಿದುಕೊಂಡೆ. ಹೆಸರು ಬರೆದೆ. ಬಂದ ಉದ್ದೇಶ ಎಂಬಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಬರೆದೆ: ಪ್ರಗತಿ ಪರಿಶೀಲನೆ.

ಕಾವಲಿನವನು ಓದಿದ. "ಯಾರ ಪ್ರಗತಿ?" ಎಂದ.

"ಒಳಗಿನವರದು," ಎಂದೆ. ಹಿಂದೆ ಇನ್ನೂ ಹನ್ನೆರಡು ಜನ ಬರೆಯುವವರಿದ್ದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.